ಅಮ್ಮ ಹಿಂದಕ್ಕೆ ಪಡೆದ ಲೇಖನ

೧೪ ಜೂನ್, ಭಾನುವಾರ

ಪ್ರೀತಿಯ ಮಗಳು ಕಡ್ಡಿಗೆ,

ಅಪ್ಪನ ಆಶೀರ್ವಾದಗಳು. ಹೆಸರಿನ ಮುಂದೆ ಡಾಕ್ಟರ್ ಸೇರಿಕೊಂಡ ಮೇಲೂ ಕಡ್ಡಿ ಎಂದೇ ಕರೆಯುತ್ತಾನಲ್ಲ ಈ ಅಪ್ಪ ಎಂದು ಮುಖ ಊದಿಸಬೇಡ. ಮೊದಲು ಸ್ವಲ್ಪ ಮೈ ಬರಿಸಿಕೊಂಡು ಬಾ, ಆಮೇಲೆ ಹೆಸರು ಬದಲಾಯಿಸುವ ಮಾತಾಡೋಣ.

ಕಾಗದ ತಡವಾಯಿತು, ಕ್ಷಮಿಸು. ಹೋದ ತಿಂಗಳು ನಿನ್ನ ಹುಟ್ಟುಹಬ್ಬಕ್ಕೇ ಬರೆಯಬೇಕಿತ್ತು. ಫೋನಿನಲ್ಲಿ ಹೇಳೋಣವೆಂದರೆ ನೀನು ಕತೆ ಅರ್ಧಕ್ಕೆ ಬರುವಷ್ಟರಲ್ಲಿ "ಅಪ್ಪಾ, ಮೀಟಿಂಗ್ ಇದೆ, ಇಡ್ತೀನಿ" ಎನ್ನುತ್ತೀಯ. ಕಾಗದವಾದರೆ ನಡುವೆ ಎದ್ದು ಹೋದರೂ ಅಲ್ಲೇ ಕೂತು ಕಾಯುತ್ತದೆ.

ಇಲ್ಲಿ ನನ್ನ ಮೊಣಕಾಲು ಹಾಗೇ ಇದೆ, ಮೆಟ್ಟಿಲು ಕಂಡರೆ ಸಿಟ್ಟಾಗುತ್ತದೆ. ನಾನು ಕಲಿಸುವ ಡ್ರೈವಿಂಗ್ ಸ್ಕೂಲಿಗೆ ಹೊಸದಾಗಿ ಒಬ್ಬರು ಹಲ್ಲಿನ ಡಾಕ್ಟರಮ್ಮ ಸೇರಿದ್ದಾರೆ. ಯಾರದೋ ಬಾಯೊಳಗೆ ಕೈ ಹಾಕಿ ಹಲ್ಲು ಕೀಳುವಾಗ ನಡುಗದ ಹೆಂಗಸು, ಎದುರಿಗೆ ಬಸ್ಸು ಬಂದರೆ ಸ್ಟೀರಿಂಗ್ ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತ ನನ್ನ ಆಯುಸ್ಸು ಗಟ್ಟಿ ಅನ್ನಬೇಕು. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದರೆ ಅರ್ಧ ನಿಜ. ಉಳಿದ ಅರ್ಧಕ್ಕೇ ಈ ಕಾಗದ.

ನಮ್ಮ ಅಜ್ಜಿ ಯಾವ ಕತೆ ಹೇಳಿದರೂ ಅದನ್ನು ಯಾರ ಬಾಯಿಂದ ಕೇಳಿದ್ದು, ಯಾವಾಗ ಕೇಳಿದ್ದು ಎಂದು ಹೇಳಿಯೇ ಶುರುಮಾಡುತ್ತಿದ್ದಳು. ನಾನೂ ಹಾಗೇ ಮಾಡುತ್ತೇನೆ. ಈ ಕತೆಯನ್ನು ಮೊದಲು ಹೇಳಿದವಳು ನಿನ್ನ ಅಮ್ಮ. ಮೊನ್ನೆ ಶುಕ್ರವಾರ ಮಧ್ಯಾಹ್ನ, ಊಟ ಮುಗಿಸಿ ಆಕಳಿಸುತ್ತಿದ್ದ ಸಭೆಯ ಮುಂದೆ. ತುಂಡು ತುಂಡಾಗಿ ನಿನಗೂ ಗೊತ್ತು, ನನಗೂ ಗೊತ್ತು. ತಲೆಯಿಂದ ಬಾಲದವರೆಗೆ ಅವಳು ಹೇಳಿದ್ದು ಇದೇ ಮೊದಲ ಸಲ. ಮೂವತ್ತು ವರ್ಷ ಜೊತೆಗೆ ಬಾಳಿದ ನನಗೇ ಹೇಳಿರಲಿಲ್ಲ ನೋಡು.

ಶುರುವಾದದ್ದು ಹೀಗೆ. ಅಮ್ಮನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ನಲವತ್ತು ವರ್ಷ ತುಂಬಿತು. ಹೊರಗಿನವರು ಅತಿ ಹೆಚ್ಚು ಸಲ ಉಲ್ಲೇಖಿಸಿದ ಲೇಖನ ಯಾರದೋ ಅವರಿಗೆ ಸನ್ಮಾನ ಮಾಡಬೇಕು ಎಂದು ಅಲ್ಲಿನವರು ತೀರ್ಮಾನಿಸಿದರು. ಯಾರು ಏನು ಬರೆದರು, ಅದನ್ನು ಎಷ್ಟು ಮಂದಿ ತಮ್ಮ ಲೇಖನದ ಕೊನೆಯ ಪಟ್ಟಿಯಲ್ಲಿ ಹೆಸರಿಸಿದರು ಎಂದು ಎಣಿಸುವುದಕ್ಕೇ ಅಲ್ಲೊಬ್ಬರಿದ್ದಾರಲ್ಲ, ಅಮ್ಮ ಅವರನ್ನು ಲೆಕ್ಕದಣ್ಣ ಅನ್ನುತ್ತಾಳೆ. ಅವರು ಮನೆಗೇ ಬಂದರು, ಮುಖದ ತುಂಬ ನಗು.

"ಮೇಡಂ, ಕಂಗ್ರಾಜುಲೇಷನ್ಸ್! ಇಡೀ ಸಂಸ್ಥೆಗೆ ನೀವೇ ಫಸ್ಟು. ಸಾವಿರ ದಾಟಿದೆ. ಎರಡನೇ ಜಾಗದಲ್ಲಿರೋರು ನಿಮ್ಮ ಹತ್ರಾನೂ ಇಲ್ಲ."

"ಯಾವ ಲೇಖನ?" ಅಂದಳು ಅಮ್ಮ. ಯಾವುದೆಂದು ಅವಳಿಗೆ ಗೊತ್ತಿತ್ತು. ಮುಖ ಆಗಲೇ ಸಣ್ಣದಾಗಿತ್ತು.

ಅವರು ಹೆಸರು ಓದಿದರು.

"ಅದು ತಪ್ಪು ಅಂತ ನಾನೇ ವಾಪಸ್ ತಗೊಂಡು ಒಂಬತ್ತು ವರ್ಷ ಆಯ್ತಲ್ರೀ."

"ಹೂಂ ಮೇಡಂ, ಗೊತ್ತು. ಆದ್ರೆ ಎಣಿಕೆ ನಿಂತಿಲ್ಲ ಅಲ್ವಾ? ನೀವು ವಾಪಸ್ ತಗೊಂಡ್ಮೇಲೂ ಚೆನ್ನಾಗೇ ಬರ್ತಾ ಇದೆ. ನೀವು ಮುಟ್ಟದೇ ಇದ್ರೂ ತನ್ನ ಪಾಡಿಗೆ ತಾನು ಬೆಳೀತಿದೆ!"

ಲೆಕ್ಕದಣ್ಣ ಕೆಟ್ಟವರಲ್ಲ, ಕಡ್ಡಿ. ಬೆಳೆಯುವುದೆಲ್ಲ ಒಳ್ಳೆಯದು ಎಂದು ನಂಬಿದ ಮನುಷ್ಯ. ಬೆಳೆಯುವುದನ್ನು ನಿಲ್ಲಿಸುವುದೇ ಕೆಲಸವಾಗಿರುವ ಕಟ್ಟಡದಲ್ಲಿ ಕೂತು ಹಾಗೆ ನಂಬಿದ್ದಾರೆ, ಅಷ್ಟೇ.

ಅವರು ಹೋದ ಮೇಲೆ "ನಾನು ಹೋಗಲ್ಲ" ಅಂದಳು ಅಮ್ಮ. ನಾನು "ಬೇಡ ಬಿಡು, ಆ ದಿನ ಎಲ್ಲಾದರೂ ಸಿನಿಮಾಗೆ ಹೋಗೋಣ" ಅಂದೆ. ಮೂರನೆಯ ದಿನ ಬಟ್ಟೆ ಮಡಿಸುತ್ತಾ ಇದ್ದಕ್ಕಿದ್ದಂತೆ "ಹೋಗ್ತೀನಿ ಕಣ್ರೀ" ಅಂದಳು. "ಇಷ್ಟು ವರ್ಷ ಒಬ್ಬೊಬ್ಬರಿಗೇ ಕಾಗದ ಬರೆದು ಸಾಕಾಗಿದೆ. ಅಲ್ಲಿ ನೂರಾರು ಜನ ಇರ್ತಾರೆ, ಕೈಗೆ ಮೈಕ್ ಬೇರೆ ಕೊಡ್ತಾರೆ. ಒಂದು ಸಲ ಎಲ್ಲರ ಕಿವಿಗೂ ಬಿದ್ದುಬಿಡ್ಲಿ. ಅದನ್ನ ಇನ್ಮೇಲೆ ಯಾರೂ ತಮ್ಮ ಪಟ್ಟಿಯಲ್ಲಿ ಹಾಕದೇ ಇದ್ರೆ ಸಾಕು, ನನಗೆ ಬೇರೆ ಯಾವ ಸನ್ಮಾನಾನೂ ಬೇಡ."

ಅವಳಿಗೆ ಉಳಿದಿರುವ ಆಸೆ ಅದೊಂದೇ. ಜನ ಆ ಲೇಖನವನ್ನು ಮರೆಯಬೇಕು. ಹೆಸರು ಉಳಿಯಲಿ ಎಂದು ಒದ್ದಾಡುವವರನ್ನು ಕಂಡಿದ್ದೇನೆ. ಅಳಿಸಿಹೋಗಲಿ ಎಂದು ಇಷ್ಟು ಒದ್ದಾಡುವವಳನ್ನು ನಮ್ಮ ಮನೆಯಲ್ಲೇ ಕಂಡದ್ದು.

ಶುಕ್ರವಾರ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಸಭಾಂಗಣದ ಬಾಗಿಲಲ್ಲೇ ಆಳೆತ್ತರದ ಬೋರ್ಡು. ಅಮ್ಮನ ಹಳೆಯ ಫೋಟೋ, ಕೆಳಗೆ ಆ ಸಂಖ್ಯೆ, ಫೋಟೋಗಿಂತ ದೊಡ್ಡದಾಗಿ. ಅಮ್ಮ ತನ್ನ ಮುಖವನ್ನು ನೋಡಲಿಲ್ಲ. ಸಂಖ್ಯೆಯ ಮುಂದೆ ಒಂದು ಗಳಿಗೆ ನಿಂತು ಒಳಗೆ ಹೋದಳು.

ಮೈಕ್ ಮುಂದೆ ನಿಂತವಳು ಹಾಳೆ ತೆಗೆಯಲಿಲ್ಲ. ಹೊಟ್ಟೆಯ ಕ್ಯಾನ್ಸರ್ ಆಗಿದ್ದ ಒಬ್ಬ ಹೆಂಗಸಿನ ಮಾತಿನಿಂದ ಶುರುಮಾಡಿದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ಆಪರೇಷನ್ನಿನ ಹಿಂದಿನ ದಿನ, ತೆಗೆಯುವ ಗಡ್ಡೆಯಿಂದ ಒಂದು ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಅಮ್ಮ ಕೇಳಿದಾಗ ಆಕೆ, "ತಗೊಳ್ಳಿ ಮೇಡಂ. ಇಷ್ಟು ದಿನ ನನ್ನನ್ನ ತಿಂದಿದ್ದು ಸಾಲದಾ, ಇನ್ನಾದ್ರೂ ಮೈಬಗ್ಗಿಸಿ ದುಡೀಲಿ ಅದು" ಅಂದರಂತೆ. ಸಭೆ ನಕ್ಕಿತು. ಅಮ್ಮ ನಗಲಿಲ್ಲ.

ಆ ಚೂರಿನ ಜೀವಕೋಶಗಳನ್ನು ತಟ್ಟೆಯಲ್ಲಿಟ್ಟು, ಮೈ ಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯೊಳಗೆ ಸಾಕಿದಳು. ಬಾಣಂತಿ ಮಗುವನ್ನು ನೋಡಿಕೊಂಡ ಹಾಗೆ. ಅವು ಏಳಲೊಲ್ಲವು, ಬೆಳೆಯಲೊಲ್ಲವು. ವಾರಗಟ್ಟಲೆ ಹಾಗೇ ಕೂತಿದ್ದವು. ಒಂದು ಸೋಮವಾರ ಹೋಗಿ ನೋಡಿದರೆ ತಟ್ಟೆ ತುಂಬ ಹುಲುಸಾಗಿ ಹಬ್ಬಿಕೊಂಡಿವೆ.

"ಅವತ್ತು ಇಡೀ ಲ್ಯಾಬಿಗೆ ಸಿಹಿ ಹಂಚಿದೆ" ಅಂದಳು ಅಮ್ಮ. "ಅನುಮಾನ ಪಡಬೇಕಾಗಿದ್ದ ದಿನ ನಾನು ಸಿಹಿ ಹಂಚ್ತಾ ಇದ್ದೆ."

ಆದದ್ದು ಇಷ್ಟು. ಪಕ್ಕದಲ್ಲೇ ಬೇರೊಂದು ಕ್ಯಾನ್ಸರಿನ ಕೋಶಗಳನ್ನೂ ಸಾಕುತ್ತಿದ್ದರು. ಎರಡಕ್ಕೂ ಒಂದೇ ಸೀಸೆಯಿಂದ ಆಹಾರ. ಯಾವತ್ತೋ ಒಂದು ಹನಿಯ ಜೊತೆ ಅಲ್ಲಿಯವು ಇಲ್ಲಿಗೆ ಬಂದು ಬಿದ್ದಿವೆ. ಹೊಲದಲ್ಲಿ ಕಳೆ ಎದ್ದ ಹಾಗೆ ಎದ್ದು, ಆ ಹೆಂಗಸಿನ ಕೋಶಗಳನ್ನು ಮುಚ್ಚಿಹಾಕಿವೆ. ಹಳ್ಳಿಯಲ್ಲಿ ಬೆಳೆದ ನನಗೆ ಕಳೆಯನ್ನು ಬಣ್ಣದಲ್ಲೇ ಗುರುತಿಸುವುದು ಗೊತ್ತು. ಸೂಕ್ಷ್ಮದರ್ಶಕದ ಕೆಳಗೆ ಕಳೆಯೂ ಪೈರೂ ಒಂದೇ ಥರ ಕಾಣುತ್ತವಂತೆ. ಆಗ ಪರೀಕ್ಷೆ ಮಾಡಿ ನೋಡುವ ರೂಢಿಯೂ ಇರಲಿಲ್ಲವಂತೆ.

ಅಮ್ಮ ಆ ಕೋಶಗಳ ಮೇಲೆ ಒಂದು ಔಷಧ ಹಾಕಿದಳು. ಅವು ಬೆಳೆಯುವುದು ನಿಂತಿತು. ಹೊಟ್ಟೆಯ ಕ್ಯಾನ್ಸರಿಗೆ ದಾರಿ ಸಿಕ್ಕಿತು ಎಂದು ದೊಡ್ಡ ಪತ್ರಿಕೆಯಲ್ಲಿ ಲೇಖನ ಬಂತು. ನೀನಾಗ ಮೂರನೇ ಕ್ಲಾಸು. ಅವಳನ್ನು ಹೊತ್ತು ಮೆರೆಸುವುದೊಂದು ಬಾಕಿ ಇತ್ತು. ಎಲ್ಲೆಲ್ಲಿಂದಲೋ ಕರೆಗಳು, ಬಡ್ತಿ, ದೊಡ್ಡ ಕೋಣೆ. ಹತ್ತು ವರ್ಷ ಹಾಗೇ ನಡೆಯಿತು. ಆಮೇಲೆ ಹೊರಗಿನ ಒಂದು ಲ್ಯಾಬಿನವರು ಅದೇ ಕೋಶಗಳನ್ನು ಕೇಳಿದರು. ಕಳಿಸುವ ಮೊದಲು ಅವು ಯಾರವು ಎಂದು ಖಚಿತಮಾಡುವ ಹೊಸ ಪರೀಕ್ಷೆ ಮಾಡಿಸಬೇಕಿತ್ತು, ಮಾಡಿಸಿದಳು.

"ಉತ್ತರ ಬಂತು" ಅಂದಳು. "ಅವು ಗಂಡಸಿನ ಕೋಶಗಳು."

ಆಗ ನೋಡಬೇಕಿತ್ತು ನೀನು. ಆಕಳಿಸುತ್ತಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

"ಬಟ್ಟೆ ಅಂಗಡಿಯ ಆಯಮ್ಮ ಕೊಟ್ಟಿದ್ದು ನನ್ನ ತಟ್ಟೆಯಲ್ಲಿ ಎಂದೋ ಸತ್ತುಹೋಗಿತ್ತು. ಹತ್ತು ವರ್ಷ ನಾನು ಇನ್ಯಾರದ್ದನ್ನೋ ಸಾಕ್ಕೊಂಡು, ಇದು ಆಯಮ್ಮಂದು ಅಂತ ಹೇಳ್ಕೊಂಡು ತಿರುಗಿದೆ."

ಅವಳು ಲೇಖನವನ್ನು ವಾಪಸ್ ಪಡೆದಳು. ಆ ಪತ್ರಿಕೆಯವರು ಮೂಲೆಯಲ್ಲಿ ನಾಲ್ಕು ಸಾಲು ಹಾಕಿದರು. ಏನು ತಪ್ಪಾಯಿತು, ಹೇಗಾಯಿತು ಎಂದು ಇನ್ನೊಂದು ಲೇಖನ ಬರೆದಳು. ದೊಡ್ಡವರಾರೂ ಹಾಕಲಿಲ್ಲ, ಒಂದು ಸಣ್ಣ ಪತ್ರಿಕೆ ಹಾಕಿತು. ಅದನ್ನು ಉಲ್ಲೇಖಿಸಿದವರನ್ನು ಬೆರಳಲ್ಲಿ ಎಣಿಸಬಹುದು. ಹಳೆಯದು ಮಾತ್ರ ಕುದುರೆಯ ಹಾಗೆ ಓಡುತ್ತಲೇ ಇದೆ. ಯಾಕೆಂದರೆ ಯಾರೂ ಅದನ್ನು ತೆರೆದು ನೋಡುವುದಿಲ್ಲ. ಹಿಂದಿನವರ ಲೇಖನದ ಬಾಲದ ಪಟ್ಟಿಯಿಂದ ಕಿತ್ತು ತಮ್ಮ ಲೇಖನದ ಬಾಲಕ್ಕೆ ಅಂಟಿಸಿಕೊಳ್ಳುತ್ತಾರೆ. ತೆರೆದಿದ್ದರೆ ಮೊದಲ ಪುಟದಲ್ಲೇ ಕೆಂಪಕ್ಷರದಲ್ಲಿ 'ಹಿಂಪಡೆಯಲಾಗಿದೆ' ಎಂದಿದೆ.

ಅದಕ್ಕೇ ಅವಳು ಪ್ರತಿ ತಿಂಗಳು ಹುಡುಕಿ ಹುಡುಕಿ, ಹೊಸದಾಗಿ ಯಾರು ಹಾಕಿದ್ದಾರೋ ಅವರಿಗೆಲ್ಲ ಕಾಗದ ಬರೆಯುವುದು. ನೀನು ರಜೆಗೆ ಬಂದಾಗ ನೋಡಿ "ಅಮ್ಮನ ಮಾಸಿಕ ಪಾರಾಯಣ" ಅಂತ ರೇಗಿಸುತ್ತಿದ್ದೆಯಲ್ಲ, ಅದೇ. ಹೆಚ್ಚಿನವರು ಉತ್ತರವನ್ನೇ ಬರೆಯುವುದಿಲ್ಲ. ಒಬ್ಬರು ಬರೆದಿದ್ದರಂತೆ: 'ನಮ್ಮ ಲೇಖನದಲ್ಲಿ ಅದೇನೂ ಮುಖ್ಯವಲ್ಲ, ತಾವು ಬೇಸರಿಸಬಾರದು.' ಸಮಾಧಾನ ಹೇಳುವ ರೀತಿ ನೋಡು!

ಸಭೆಯಲ್ಲಿ ಅವಳು ಕೊನೆಗೆ ಹೇಳಿದ್ದು ನನಗೆ ಗೊತ್ತೇ ಇರದ ವಿಷಯ. ಅವಳು ವಾಪಸ್ ಪಡೆಯುವ ಮೊದಲೇ ಒಂದು ಆಸ್ಪತ್ರೆಯಲ್ಲಿ ಆ ಔಷಧವನ್ನು ಹೊಟ್ಟೆಯ ಕ್ಯಾನ್ಸರ್ ಇದ್ದವರಿಗೆ ಕೊಟ್ಟು ನೋಡಿದ್ದರಂತೆ. ಏನೂ ಉಪಯೋಗವಾಗಲಿಲ್ಲ. ಆ ವರದಿಯ ಬಾಲದಲ್ಲಿ ಮೊದಲನೆಯ ಹೆಸರೇ ಅಮ್ಮನದು.

"ಔಷಧದಿಂದ ಅವರ್ಯಾರೂ ಸಾಯಲಿಲ್ಲ" ಅಂದಳು. "ಕಾಯಿಲೆಯಿಂದಾನೇ ಸತ್ರು. ಆದ್ರೆ ಅವರ ಹತ್ರ ಇದ್ದಿದ್ದೇ ಕೆಲವು ತಿಂಗಳು. ಅದರಲ್ಲಿ ಬೇರೆ ಔಷಧ ನೋಡಬಹುದಿತ್ತು, ಇಲ್ಲಾ ಮನೆಯಲ್ಲಿ ಮಕ್ಕಳ ಜೊತೆ ಇರಬಹುದಿತ್ತು. ನನ್ನ ಲೇಖನ ನಂಬ್ಕೊಂಡು ಆಸ್ಪತ್ರೆ ಮೆಟ್ಟಿಲು ಹತ್ತಿ ಇಳಿದ್ರು. ಈಗ ಇನ್ನೊಂದು ಕಡೆ ಅದೇ ಔಷಧ ಕೊಡೋ ತಯಾರಿ ನಡೀತಿದೆ ಅಂತ ಕೇಳಿದೀನಿ. ಅವರಿಗೂ ಬರೆದಿದೀನಿ, ಉತ್ತರ ಬಂದಿಲ್ಲ. ನೀವು ಒಬ್ಬೊಬ್ಬರು ಹಾಕ್ದಾಗ್ಲೂ, ಇದು ಇನ್ನೂ ಬದುಕಿದೆ ಅಂತ ಅವರು ಅಂದ್ಕೋತಾರೆ. ಹೊರಗಡೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದೀರಲ್ಲ, ಅದು ನನ್ನ ಸಾಧನೆ ಅಲ್ಲ. ಅಷ್ಟು ಜನ ಓದ್ಲಿಲ್ಲ ಅನ್ನೋದರ ಲೆಕ್ಕ ಅದು. ನಿಮ್ಮನ್ನ ಕೇಳ್ಕೊಳ್ಳೋದು ಇಷ್ಟೇ, ಹಾಕೋಕೆ ಮುಂಚೆ ತೆಗೆದು ಓದಿ."

ಅಷ್ಟು ಹೇಳಿ ಮೈಕ್ ಕೆಳಗಿಟ್ಟಳು. ಆಮೇಲೆ ಚಪ್ಪಾಳೆ ಎಂದರೆ ಎಂಥ ಚಪ್ಪಾಳೆ! ನಿರ್ದೇಶಕರು ಎದ್ದು ಬಂದು, "ನೋಡಿ, ವಿನಯ ಅಂದ್ರೆ ಇದು! ಮೇಡಂ ಅವರ ದೊಡ್ಡತನಕ್ಕೆ ಇನ್ನೊಂದು ಸಲ ಜೋರಾಗಿ" ಎಂದು ಹೇಳಿ, ಅದೇ ಸಂಖ್ಯೆ ಕೆತ್ತಿದ ಫಲಕವನ್ನು ಅವಳ ಕೈಗಿಟ್ಟು ಫೋಟೋ ತೆಗೆಸಿಕೊಂಡರು. ಅಮ್ಮ ನನ್ನನ್ನು ನೋಡಿದಳು. ಏನು ಮಾಡಲಿ ಹೇಳು? ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಕಾರಿನಲ್ಲಿ ಬರುವಾಗ ಅವಳನ್ನು ನಗಿಸೋಣವೆಂದು, "ನಿಮ್ಮವರಿಗಿಂತ ನನ್ನ ಶಿಷ್ಯರೇ ವಾಸಿ ಕಣೇ. ರಿವರ್ಸ್ ಗೇರ್ ಹಾಕೋದನ್ನ ಮೊದಲ ವಾರವೇ ಕಲೀತಾರೆ" ಅಂದೆ.

"ನಾನು ರಿವರ್ಸ್ ಹಾಕಿದೀನಿ ರೀ. ಹಿಂದೆ ಇರೋ ಗಾಡಿಗಳು ದಾರಿ ಬಿಡ್ತಿಲ್ಲ" ಅಂದಳು. ನಕ್ಕಳು ಕೂಡ. ಆದರೆ ಆ ನಗುವನ್ನು ನಾನು ಬಲ್ಲೆ.

ಇನ್ನು ಮರುದಿನ ಬೆಳಿಗ್ಗೆಯ ಸುದ್ದಿ. ನಾವು ಏಳುವ ಮೊದಲೇ ಲೆಕ್ಕದಣ್ಣ ಫೋನು ಮಾಡಿ, "ಮೇಡಂ, ನಿದ್ದೆ ಬರ್ಲಿಲ್ಲ ರೀ ನನಗೆ" ಅಂದರು. ಹೊಟ್ಟೆಯೊಳಗಿಂದ ಬಂದ ಮಾತು ಅದು. ಹಾಗಾದರೆ ಎಣಿಕೆಯಿಂದ ಅದನ್ನು ತೆಗೆಯುತ್ತೀರಾ ಎಂದು ಅಮ್ಮ ಕೇಳಿದಳು. "ತೆಗೆದ್ರೆ ನಮ್ಮ ಸಂಸ್ಥೆ ರ‍್ಯಾಂಕ್ ಪಟ್ಟಿಯಲ್ಲಿ ಕೆಳಗಿಳಿದುಬಿಡುತ್ತೆ ಮೇಡಂ. ಸಾಹೇಬರು ಬೇಡ ಅಂದಿದಾರೆ" ಎಂದು ದನಿ ಸಣ್ಣದು ಮಾಡಿಕೊಂಡರು. ಅಮ್ಮನ ಲ್ಯಾಬಿನ ಉದ್ದ ಜಡೆಯ ಹುಡುಗಿ, ನಿನಗೆ ಗೊತ್ತಲ್ಲ, ಹತ್ತು ಗಂಟೆಗೆಲ್ಲ ಓಡಿಬಂದಳು. ತಾನು ಬರೆಯುತ್ತಿದ್ದ ಲೇಖನದ ಬಾಲವನ್ನು ಮೊದಲ ಸಲ ಒಂದೊಂದಾಗಿ ತೆರೆದು ನೋಡಿದಳಂತೆ. ಅಮ್ಮನದು ಇರಲಿಲ್ಲ, ಆದರೆ ಇನ್ಯಾರದೋ ವಾಪಸ್ ಪಡೆದದ್ದು ಸಿಕ್ಕಿತಂತೆ. "ಮೇಡಂ, ತೆಗೆದುಹಾಕಿದೆ!" ಎಂದು ಬಾಗಿಲಲ್ಲೇ ಕೂಗಿದಳು. ಅಮ್ಮ ಅವಳ ಕೆನ್ನೆ ತಟ್ಟಿ ಒಳಗೆ ಕರೆದು ಕಾಫಿ ಕೊಟ್ಟಳು. ಇಷ್ಟೆಲ್ಲ ಮಾಡಿ ಒಬ್ಬಳಾದರೂ ಕೇಳಿಸಿಕೊಂಡಳಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಲ್ಯಾಬಿನ ಕುರ್ಚಿಯಲ್ಲೇ ನಿದ್ದೆ ಮಾಡಬೇಡ, ಬೆನ್ನು ಹಾಳಾಗುತ್ತದೆ. ನೀನು ಹಿಡಿದ ಕೆಲಸ ಒಳ್ಳೆಯದಾಗಲಿ, ನಿನ್ನಿಂದ ನಾಲ್ಕು ಜನಕ್ಕೆ ನೆಮ್ಮದಿ ಸಿಗಲಿ. ನೂರು ವರ್ಷ ತಣ್ಣಗಿರು ಮಗಳೇ.

ಇಂತಿ ನಿನ್ನ ಪ್ರೀತಿಯ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಸಭೆಯಲ್ಲಿ ಕೂತು ಕೇಳಿದವರಲ್ಲಿ ನಾನೂ ಒಬ್ಬ. ಮರುದಿನ ಬೆಳಿಗ್ಗೆ ನಾನೇನು ಮಾಡಿದೆ ಎಂದು ಹೇಳಲಿಲ್ಲ.

ನಿನ್ನ ಮೊದಲ ಲೇಖನ ಪ್ರಕಟವಾಯಿತು ಎಂದು ಹೋದ ವಾರ ಕಳಿಸಿದ್ದೆಯಲ್ಲ, ಅದು ನನ್ನ ಮೊಬೈಲಿನಲ್ಲಿತ್ತು. ಉದ್ದ ಜಡೆಯ ಹುಡುಗಿ ಕಾಫಿ ಕುಡಿದು ಹೋದ ಮೇಲೆ, ಮೂಲೆಯ ಜೆರಾಕ್ಸ್ ಅಂಗಡಿಗೆ ಹೋಗಿ ಅಚ್ಚು ಹಾಕಿಸಿದೆ. ಎಂಟು ಜನರ ಹೆಸರು, ಮೂರನೆಯದು ನಿನ್ನದು. ಅಂಗಡಿಯವನಿಗೂ ತೋರಿಸಿದೆ. ಅಮ್ಮ ಬಾಲದ ಬಗ್ಗೆ ಅಷ್ಟು ಹೇಳಿದ್ದಳಲ್ಲ, ಅಲ್ಲೇ ನಿಂತು ಕೊನೆಯ ಪುಟ ತೆಗೆದು ಬೆರಳಿಟ್ಟುಕೊಂಡು ಬಂದೆ. ನಿನ್ನ ಅಮ್ಮನ ಹೆಸರಿತ್ತು! ನನಗೆ ಆದ ಖುಷಿ ಎಷ್ಟೆಂದು ಬರೆಯಲಾರೆ. ಮೊಣಕಾಲಿನ ನೆನಪೂ ಇಲ್ಲದೆ ಮೆಟ್ಟಿಲು ಹತ್ತಿದೆ. "ನೋಡೇ, ಯಾರು ಓದದಿದ್ರೂ ನಿನ್ನ ಮಗಳು ಓದಿದಾಳೆ, ನಿನ್ನ ಎರಡನೇ ಲೇಖನಾನೇ ಹಾಕಿದಾಳೆ" ಎಂದು ಅವಳ ಮುಖದ ಮುಂದೆ ಹಿಡಿದೆ.

ವರ್ಷ ಯಾವುದು ಎಂದು ನಾನು ನೋಡಿರಲಿಲ್ಲ, ಕಡ್ಡಿ. ಅವಳು ನೋಡಿದಳು. ಹಿಂಪಡೆದ ಲೇಖನದ ವರ್ಷ ಅದು.

ಎಂಟು ಜನ ಸೇರಿ ಬರೆಯುವಾಗ ಆ ಪುಟವನ್ನು ಇನ್ಯಾರೋ ತುಂಬಿರುತ್ತಾರೆ, ನೀನು ಕಣ್ಣಾಡಿಸಿ ಒಪ್ಪಿಗೆ ಕೊಟ್ಟಿರುತ್ತೀಯ. ಹಾಗೆಂದು ನಾನೂ ಹೇಳಿದೆ. ಅವಳು ತಲೆಯಾಡಿಸಿ, ನಿನ್ನ ಹೆಸರಿರುವ ಮೊದಲ ಪುಟವನ್ನು ತುಂಬ ಹೊತ್ತು ಸವರುತ್ತಾ ಕೂತಿದ್ದಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು: "ನೋಡದೆ ಹಾಕಿದ್ಲಾ ರೀ, ನೋಡಿಯೂ ಹಾಗೇ ಇರಲಿ ಅಂತ ಬಿಟ್ಲಾ? ಎರಡರಲ್ಲಿ ಯಾವುದಾಗಿರ್ಲಿ ಅಂತ ನಾನು ಆಸೆಪಡ್ಲಿ?"

ಇವತ್ತು ಬೆಳಿಗ್ಗೆ ಕೂತು ಈ ತಿಂಗಳು ಬರೆಯಬೇಕಾದವರಿಗೆಲ್ಲ ಬರೆದಳು. ನಿನ್ನೊಬ್ಬಳಿಗೆ ಬರೆಯಲು ಅವಳಿಂದ ಆಗಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.